ಹೊಸ ಕಾರೋ, ಹಳೆಯ ಕಾರೋ?

ಕಾರ್ಕಳದ ಗೊಮ್ಮಟನನ್ನು ಬೆಟ್ಟದ ಮೇಲೆ ನಿಲ್ಲಿಸಿದುದು 1432ರಲ್ಲಿ. ಅಂದಿನಿಂದ ಐನೂರ ತೊಂಬತ್ತಕ್ಕೂ ಮಿಕ್ಕಿದ ಮಳೆಗಾಲಗಳನ್ನು ಆತನು ಬಯಲಿನಲ್ಲಿ ನಿಂತೇ ಕಳೆದಿದ್ದಾನೆ. ಆತನದು ಕಲ್ಲಿನ ಮೈ. ನಮ್ಮ ನಿಮ್ಮ ಕಾರಿನದು ತಗಡಿನ ಮೈ. ಈ ಭೇದವನ್ನು ಮರೆತು ವ್ಯಾಪಾರಕ್ಕೆ ಇಳಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ, ಫೆಬ್ರವರಿಯ ಬಿಸಿಲಿನಲ್ಲಿ ಫಳಫಳ ಹೊಳೆಯುತ್ತಿದ್ದ ಒಂದು ಹಳೆಯ ಕಾರನ್ನು ಕೊಂಡೆ. ಬಣ್ಣ ನೋಡಿದೆ, ಬೆಲೆ ಕೇಳಿದೆ, ಹಣ ಎಣಿಸಿದೆ. ಆಟಿಯ ಮಳೆ ಹಿಡಿದಾಗ ನನ್ನ ಮನೆಯಾಕೆ, “ಕಾಲಡಿಗೆ ನೀರು ಬರ್ತದಲ್ಲ!” ಎಂದಳು. ಹಾಸು ಎತ್ತಿ ನೋಡಿದರೆ ತಳದ ತಗಡು ತುಕ್ಕು ತಿಂದು ತೂತಾಗಿತ್ತು. ಇಪ್ಪತ್ತೈದು ವರ್ಷ ಲೋಪಸಂಧಿಯ ಪಾಠ ಹೇಳಿದವನಿಗೆ ಕಾರಿನ ಸಂಧಿಗಳಲ್ಲಿದ್ದ ಲೋಪ ಕಾಣಿಸಲಿಲ್ಲ!

ಈಚೆಗೆ ಕಾಪುವಿನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. “ಸರ್, ತಂದೆಯವರನ್ನು ವಾರಕ್ಕೆ ಎರಡು ಸಲ ಮಣಿಪಾಲದ ಆಸ್ಪತ್ರೆಗೆ ಕರಕೊಂಡು ಹೋಗ್ಬೇಕು. ಒಂದು ಕಾರು ತೆಗೆಯುವ ಅಂತ ಉಂಟು. ಹೊಸತೇ ಆಗಬೇಕಾ, ಹಳತು ಸಾಕಾ?” ಎಂದು ಕೇಳಿದ. ಕೂಡಿಟ್ಟ ಹಣ ಹೆಚ್ಚಿಲ್ಲ; ಲೆಕ್ಕ ತಪ್ಪಿದರೆ ತಂದೆಯ ಔಷಧದ ಹಣಕ್ಕೇ ಕೈ ಹಾಕಬೇಕು. ಅವನಿಗೆ ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತೇನೆ.

ಮೊದಲು ಲೆಕ್ಕ. ಕಾರಿನ ಬೆಲೆ ಮೊದಲ ವರ್ಷಗಳಲ್ಲಿಯೇ ಬೇಗ ಕರಗುತ್ತದೆ. ವಿಮೆಯವರ ಕೋಷ್ಟಕವನ್ನೇ ನೋಡಿರಿ: ಒಂದು ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 15, ಮೂರನೆಯ ವರ್ಷದಲ್ಲಿ 30, ಐದನೆಯ ವರ್ಷದಲ್ಲಿ 50ರಷ್ಟು ಮೌಲ್ಯವನ್ನು ಕಳೆಯುತ್ತಾರೆ. ಹೊಸ ಕಾರಿನ ನೋಂದಣಿಯ ಹೊತ್ತಿಗೆ ಕಟ್ಟುವ ಆಜೀವ ತೆರಿಗೆಯೂ ಮೊದಲ ಒಡೆಯನ ತಲೆಯ ಮೇಲೆಯೇ.

ಒಂದು ಕಲ್ಪಿತ ಉದಾಹರಣೆ. ಎಲ್ಲ ಸೇರಿ 8 ಲಕ್ಷಕ್ಕೆ ಹೊಸ ಕಾರು ಕೊಂಡು, 12 ವರ್ಷ ಇಟ್ಟುಕೊಂಡು, ಕೊನೆಗೆ 80 ಸಾವಿರಕ್ಕೆ ಮಾರಿದಿರೆನ್ನಿ. ವರ್ಷಕ್ಕೆ ಬಿದ್ದುದು 60 ಸಾವಿರ. ಅದೇ ಬಗೆಯ, ನಾಲ್ಕು ವರ್ಷ ಓಡಿದ ಕಾರನ್ನು ನಾಲ್ಕೂವರೆ ಲಕ್ಷಕ್ಕೆ ಕೊಂಡು, 30 ಸಾವಿರ ರಿಪೇರಿಗೆ ಹಾಕಿ, 8 ವರ್ಷ ಓಡಿಸಿ, ಅದೇ ಬೆಲೆಗೆ ಮಾರಿದರೆ ವರ್ಷಕ್ಕೆ 50 ಸಾವಿರ. ಅಂತರ ಹತ್ತೇ ಸಾವಿರ! ತಳದ ತುಕ್ಕು ಅದನ್ನು ಒಂದೇ ಮಳೆಗಾಲದಲ್ಲಿ ನುಂಗಬಲ್ಲುದು. ಆದರೆ ಹೊಸತನ್ನು ಕೊಂಡು ನಾಲ್ಕೇ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೆ ಮಾರಿದವನಿಗೆ ವರ್ಷಕ್ಕೆ 87,500 ರೂಪಾಯಿ ತಗಲುತ್ತದೆ. ಆದುದರಿಂದ ಹೊಸ ಕಾರು, ಬಹುಕಾಲ ಇಟ್ಟುಕೊಳ್ಳುವವನಿಗೆ ಮಾತ್ರ ಲಾಭ.

ಇನ್ನೊಂದು ಮಾತು. ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮುಂಚಿನ ಬೆಲೆಯನ್ನು ಹಿಡಿದು ಹಳೆಯ ಕಾರಿಗೆ ಕ್ರಯ ಹೇಳಿದರೆ ಒಪ್ಪಬೇಡಿರಿ.

ಎರಡನೆಯದು ನಮ್ಮ ನೆಲದ ಗುಣ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿದರೆ ತುಕ್ಕು. ನೀರಿಗೆ ಉಪ್ಪು ಬೆರೆತರೆ ಆ ಕ್ರಿಯೆ ಇನ್ನೂ ತ್ವರೆ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ. ಕಾಪುವಿನ ದೀಪಸ್ತಂಭದ ಆಸುಪಾಸಿನಲ್ಲಿ ಅದರ ಮೇಲೆ ಕಡಲಿನ ಉಪ್ಪುಗಾಳಿ. ಆದುದರಿಂದ ಓಡಿದ ಕಿಲೋಮೀಟರುಗಳನ್ನು ಮಾತ್ರವಲ್ಲ, ಕಾರು ಕಂಡ ಮಳೆಗಾಲಗಳನ್ನೂ ಎಣಿಸಬೇಕು. ಅವನ್ನು ಮಾಡಿನ ಅಡಿಯಲ್ಲಿ ಕಳೆಯಿತೋ ಬಯಲಿನಲ್ಲಿ ಕಳೆಯಿತೋ ವಿಚಾರಿಸಬೇಕು. ಹಾಸು ಎತ್ತಿರಿ, ಬಾಗಿಲಿನ ಅಡಿಯಂಚು, ಚಕ್ರದ ಮೇಲಣ ಕಮಾನು, ಹೆಚ್ಚುವರಿ ಚಕ್ರವಿಡುವ ಗುಂಡಿ ಇವನ್ನು ಮುಟ್ಟಿ ನೋಡಿರಿ. ಒಂದು ಅಯಸ್ಕಾಂತ ಕಿಸೆಯಲ್ಲಿರಲಿ: ಕಬ್ಬಿಣದ ತಗಡಿಗೆ ಅಂಟುವ ಅದು, ತೂತು ಮುಚ್ಚಲು ದಪ್ಪವಾಗಿ ಮೆತ್ತಿದ ಪುಟ್ಟಿಗೆ ಅಂಟದು.

2020ರ ಸೆಪ್ಟೆಂಬರ್ 20ರಂದು ಉಡುಪಿಗೆ ಬಂದ ನೆರೆಯನ್ನು ಯಾರೂ ಮರೆತಿರಲಾರರು. ನೆರೆನೀರಿನಲ್ಲಿ ಮುಳುಗಿದ ಕಾರನ್ನು ತೊಳೆದು ಮಾರುವುದು ಸುಲಭ. ಆಸನದ ಪಟ್ಟಿಯನ್ನು ಕೊನೆಯವರೆಗೆ ಎಳೆದು ನೋಡಿರಿ. ಮಡಿಕೆಯೊಳಗೆ ಕೆಸರಿನ ಗೆರೆ ಕಂಡರೆ ಮಾತು ಮುಂದುವರಿಸಬೇಡಿರಿ. ಆಮೇಲೆ ನಂಬಿಕೆಯ ಮೆಕ್ಯಾನಿಕನನ್ನು ಕೂರಿಸಿಕೊಂಡು, ಉಡುಪಿಯಿಂದ ಮಣಿಪಾಲದ ಏರು ಹತ್ತಿಸಿ ನೋಡಿರಿ. ಎಂಜಿನ್ ಗರ್ಜಿಸಿಯೂ ವೇಗ ಏರದಿದ್ದರೆ ಕ್ಲಚ್ಚು ಸವೆದಿದೆಯೆಂದು ತಿಳಿಯಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಾಗದಪತ್ರ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರಕ್ಕೆ ಸರಿಹೊಂದಬೇಕು. ಸಾಲವಿದ್ದರೆ ಅದು ತೀರಿ, ಬ್ಯಾಂಕಿನ ಹೆಸರು ಪತ್ರದಿಂದ ಅಳಿಯಬೇಕು. ಮಾರುವವನೂ ಕೊಳ್ಳುವವನೂ 29 ಮತ್ತು 30ನೆಯ ನಮೂನೆಗಳಿಗೆ ಸಹಿ ಹಾಕಿ ಸಾರಿಗೆ ಕಛೇರಿಗೆ ಒಪ್ಪಿಸಬೇಕು. ವಿಮೆಯನ್ನು ತನ್ನ ಹೆಸರಿಗೆ ಬದಲಿಸಿಕೊಳ್ಳಲು ಕೊಂಡವನಿಗೆ 14 ದಿನಗಳ ಗಡುವು. ಕಾರು ಕೈ ಬದಲಾದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಒಡೆಯನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದೆ. ಮಾರುವವರೂ ಇದನ್ನು ನೆನಪಿಡಬೇಕು.

ಇಷ್ಟನ್ನೂ ಕೇಳಿ ನನ್ನ ಶಿಷ್ಯ ಮೆಲ್ಲನೆ ನಕ್ಕ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟ ಒಬ್ಬರ, ಹೊರರಾಜ್ಯದ ಸಂಖ್ಯೆಯ ಕಾರು ಅಗ್ಗಕ್ಕೆ ಸಿಗುವುದರಲ್ಲಿತ್ತಂತೆ. “ಹೆಸರು ಆಮೇಲೆ ಬದಲಿಸಿದರಾಯಿತು” ಎಂದಿದ್ದರಂತೆ. ಹೊರರಾಜ್ಯದ ನಿರಾಕ್ಷೇಪಣಾ ಪತ್ರ, ಇಲ್ಲಿನ ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲವನ್ನೂ ಕೂಡಿಸಿದಾಗ ಆ ಅಗ್ಗ ಅಗ್ಗವಾಗಿ ಉಳಿಯಲಿಲ್ಲ. ಅವನ ಓಡಾಟ ಕಡಮೆ, ಸಾಲ ಮಾಡುವ ಮನಸ್ಸಿಲ್ಲ. ಕಾರ್ಕಳದವರೊಬ್ಬರು ಮನೆಯ ಶೆಡ್ಡಿನಲ್ಲಿಟ್ಟು ಓಡಿಸಿದ, ನಾಲ್ಕು ಮಳೆಗಾಲ ಕಂಡ, ಕೆಎ 20ರ ಕಾರೊಂದನ್ನು ತೆಗೆದುಕೊಂಡ. ದಿನಾಲೂ ದೂರ ಓಡಾಡಿ, ಹತ್ತು ಹನ್ನೆರಡು ವರ್ಷ ಅದನ್ನೇ ಇಟ್ಟುಕೊಳ್ಳುವವನಾಗಿದ್ದರೆ ನಾನೇ ಹೊಸತು ಕೊಳ್ಳು ಎನ್ನುತ್ತಿದ್ದೆ.

ಉಳುವ ಎತ್ತನ್ನು ಕೊಳ್ಳುವಾಗ ನಮ್ಮ ಹಿರಿಯರು ಹಲ್ಲು ಎಣಿಸಿದರು, ಸುಳಿ ನೋಡಿದರು. ಕಾರಿಗೆ ಮಳೆಗಾಲಗಳೇ ಹಲ್ಲು, ಕಾಗದಪತ್ರವೇ ಸುಳಿ. ಇವೆರಡನ್ನೂ ನೋಡಿದ ಮೇಲೆ ಬೇಕಾದರೆ ಬಣ್ಣವನ್ನು ನೋಡೋಣ.