ಹದಿನೆಂಟರ ಗೆರೆಯಾಚೆ

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು 1970ರ ದಶಕದ ಆರಂಭದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳೆಂಬ ಪುನರ್ವಸತಿ ಶಿಬಿರಗಳಲ್ಲಿ ನೆಲೆಗೊಳಿಸಿದಾಗ, ಅವರಿಗೆ ಬೇಕಾದದ್ದು ಅನ್ನ ಬಟ್ಟೆ ಮಾತ್ರವಲ್ಲ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಅವರಿಗೆ ಜಮೀನು ಸಿಕ್ಕಿತು, ಸೂರು ಸಿಕ್ಕಿತು. ಕಾಗದಪತ್ರಗಳು ಮಾತ್ರ ಅಷ್ಟು ಸುಲಭವಾಗಿ ಸಿಗಲಿಲ್ಲ. ಇಲ್ಲಿನ ಕೆಲವರ ಪೌರತ್ವದ ಪ್ರಶ್ನೆ ಅರ್ಧ ಶತಮಾನ ಕಳೆದರೂ ಬಗೆಹರಿಯದೆ ಉಳಿದಿತ್ತು. ಬೇರು ಕಿತ್ತುಬಂದವರು ಸ್ವಂತ ಕಾಲ ಮೇಲೆ ನಿಲ್ಲಲು ನೆಲ, ದಾಖಲೆ, ಜೊತೆಗಿರುವ ಜನ ಮತ್ತು ವರ್ಷಗಳ ಕಾಲಾವಕಾಶ ಇಷ್ಟೂ ಬೇಕೆಂಬುದನ್ನು ಈ ಕ್ಯಾಂಪುಗಳಷ್ಟು ಚೆನ್ನಾಗಿ ಬಲ್ಲ ಊರುಗಳು ಕಡಿಮೆ. ಬಾಲಮಂದಿರದಲ್ಲೋ ಅನಾಥಾಲಯದಲ್ಲೋ ಬೆಳೆದು ಹದಿನೆಂಟು ತುಂಬಿದ ದಿನ ಹೊರಬರುವ ಹುಡುಗ ಹುಡುಗಿಯರ ಅಗತ್ಯವೂ ಇದೇ. ಆದರೆ ಅವರು ಒಬ್ಬೊಬ್ಬರಾಗಿ ಹೊರಬರುತ್ತಾರೆ. ಹಾಗಾಗಿ ಅದು ಯಾರ ಕಣ್ಣಿಗೂ ಪುನರ್ವಸತಿಯ ಪ್ರಶ್ನೆಯಾಗಿ ಕಾಣುವುದಿಲ್ಲ.

ಹದಿನೆಂಟು ಕಾನೂನು ಎಳೆದ ಗೆರೆ. ಮಿದುಳಿಗೆ ಆ ಗೆರೆಯ ಪರಿಚಯವಿಲ್ಲ. ಹಣೆಯ ಹಿಂದಿರುವ ಮುಂಮಿದುಳಿನ ಹೊರಪದರವು ಯೋಜನೆ ಹಾಕುವ, ಆವೇಗವನ್ನು ತಡೆದುಕೊಳ್ಳುವ, ನಾಳಿನ ಪರಿಣಾಮವನ್ನು ಇಂದೇ ತೂಗಿ ನೋಡುವ ಕೆಲಸಗಳನ್ನು ನಡೆಸುತ್ತದೆ. ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಬೆಳೆದು ಸಂದೇಶಗಳ ಸಂಚಾರ ಚುರುಕಾಗುವ ಕ್ರಿಯೆ, ಬಳಕೆಯಿಲ್ಲದ ಸಂಪರ್ಕಗಳು ಕಳಚಿಕೊಳ್ಳುವ ಕ್ರಿಯೆ ಇವೆರಡೂ ಈ ಭಾಗದಲ್ಲಿ ಇಪ್ಪತ್ತರ ನಡುವಿನ ವಯಸ್ಸಿನವರೆಗೂ ಮುಂದುವರಿಯುತ್ತವೆ. ತಂದೆತಾಯಿಯ ಆಸರೆಯಲ್ಲಿ ಬೆಳೆದ ಯುವಕ ಈ ಅವಧಿಯಲ್ಲಿ ತಪ್ಪು ಮಾಡಿದರೆ ಮನೆಗೆ ಮರಳುತ್ತಾನೆ. ಅದೇ ಮಿದುಳು, ಅದೇ ವಯಸ್ಸು ಇರುವ ಬಾಲಮಂದಿರದ ಯುವಕನಿಗೆ ಮರಳಲು ಮನೆಯೇ ಇರುವುದಿಲ್ಲ.

ಆಸರೆಯ ಕೊರತೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ರೊಮೇನಿಯಾದ ಬುಕಾರೆಸ್ಟ್ ನಗರದ ಅಧ್ಯಯನವೊಂದು ತೋರಿಸಿಕೊಟ್ಟಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಅವರು ಅಲ್ಲಿನ ಅನಾಥಾಲಯಗಳಲ್ಲಿದ್ದ, 6ರಿಂದ 31 ತಿಂಗಳ ವಯಸ್ಸಿನ 136 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕು ಕುಟುಂಬಗಳ ಮಡಿಲಿಗೆ ಒಪ್ಪಿಸಿದರು. ಇನ್ನೊಂದು ಗುಂಪಿನ ಪಾಲನೆ ಸಂಸ್ಥೆಯಲ್ಲೇ ಮುಂದುವರಿಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾಕು ಕುಟುಂಬ ಸೇರಿದ ಮಕ್ಕಳ ಬುದ್ಧಿಶಕ್ತಿಯ ಅಂಕಗಳು ಸ್ಪಷ್ಟವಾಗಿ ಮೇಲಿದ್ದವು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸಿಕ್ಕವರಿಗೆ ಲಾಭ ಇನ್ನೂ ಹೆಚ್ಚು. ಆ ಅನಾಥಾಲಯಗಳಲ್ಲಿ ಊಟವಿತ್ತು, ಹಾಸಿಗೆಯಿತ್ತು. ಮಗು ಅತ್ತಾಗ ಪ್ರತಿಸಲವೂ ಬರುವ ಒಂದೇ ಮುಖ ಇರಲಿಲ್ಲ.

ಹಾಗೆಂದು ಆರಂಭದ ನಷ್ಟವೇ ಹಣೆಬರಹವಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಒಡೆದ ಮನೆ, ಪೋಷಕರ ಕುಡಿತ ಅಥವಾ ಮಾನಸಿಕ ಕಾಯಿಲೆಯ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಸಮರ್ಥರೂ ಅಂತಃಕರಣವುಳ್ಳವರೂ ಆದ ವಯಸ್ಕರಾದರು. ಅವರಿಗಿದ್ದ ಅನುಕೂಲಗಳಲ್ಲಿ ಮತ್ತೆ ಮತ್ತೆ ಕಂಡುಬಂದದ್ದು, ಕೈಬಿಡದೆ ಜೊತೆಗಿದ್ದ ಕನಿಷ್ಠ ಒಬ್ಬ ಹಿರಿಯ ಜೀವ: ಅಜ್ಜಿ, ಅತ್ತೆ, ಶಿಕ್ಷಕಿ, ನೆರೆಯವರು, ಯಾರಾದರೂ ಸರಿ. ರಾಯಚೂರು ಸೀಮೆಯಲ್ಲಿ ಅಪ್ಪ ಅವ್ವ ಗುಳೆ ಹೋದಾಗ ಮಕ್ಕಳನ್ನು ಊರಲ್ಲೇ ಸಾಕಿಕೊಳ್ಳುವ ಅಜ್ಜಿಯರು ಇಂಥ ಆಸರೆಯೇ. ಬಡ ಕುಟುಂಬದ ಮಗು ಸಂಸ್ಥೆಯ ಪಾಲಾಗದೆ ಮನೆಯಲ್ಲೇ ಉಳಿಯಲಿ ಎಂಬ ಉದ್ದೇಶದಿಂದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವ ನೆರವಿದೆ. ಗ್ರಾಮೀಣ ಭಾಗದಲ್ಲಿ ಇದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ.

ಮನೆಯೇ ಇಲ್ಲದ ಮಕ್ಕಳ ವಿಷಯದಲ್ಲಿ ಸ್ವಯಂಸೇವಾ ಸಂಸ್ಥೆಗಳು ಕಾನೂನಿಗಿಂತ ಮುಂಚೆಯೇ ದಾರಿ ಹುಡುಕಿಕೊಂಡಿದ್ದವು. 1949ರಲ್ಲಿ ಆಸ್ಟ್ರಿಯಾದ ಇಮ್ಸ್ಟ್ ಎಂಬಲ್ಲಿ ಹರ್ಮನ್ ಗ್ಮೈನರ್ ಆರಂಭಿಸಿದ ಎಸ್‌ಒಎಸ್ ಮಕ್ಕಳ ಗ್ರಾಮದಲ್ಲಿ ದೊಡ್ಡ ಸಾಲುಕೋಣೆಗಳಿರಲಿಲ್ಲ. ಒಬ್ಬ ತಾಯಿ ಮತ್ತು ಕೆಲವೇ ಮಕ್ಕಳಿರುವ ಮನೆಗಳಿದ್ದವು. ಬೆಂಗಳೂರಿನಲ್ಲೂ ಅಂಥ ಗ್ರಾಮವಿದೆ. 1980ರಲ್ಲಿ ಅದೇ ನಗರದಲ್ಲಿ ಹುಟ್ಟಿದ ಬೆಂಗಳೂರು ಓಣಿಯವರ ಸೇವಾ ಕೂಟ, ಅಂದರೆ ಬಾಸ್ಕೊ, ಬೀದಿಯಲ್ಲಿದ್ದ ಹುಡುಗರನ್ನು ಅವರಿದ್ದ ಕಡೆಗೇ ಹೋಗಿ ಮಾತನಾಡಿಸುವುದರಿಂದ ಕೆಲಸ ಶುರುಮಾಡಿತು. ಮೊದಲು ನಂಬಿಕೆ, ಆಮೇಲೆ ಸೂರು, ಶಾಲೆ, ಕಸುಬು ಎಂಬ ಈ ಕ್ರಮ ಸರಿಯಾದದ್ದು: ಒಮ್ಮೆ ಕೈಬಿಟ್ಟವರನ್ನು ಕಂಡ ಮಗು ಕೌಶಲವನ್ನು ಕಲಿಯುವುದಕ್ಕಿಂತ ಮೊದಲು ಕಲಿಸುವವರನ್ನು ಪರೀಕ್ಷಿಸುತ್ತದೆ.

ಹದಿನೆಂಟರ ನಂತರದ ಆಸರೆಯನ್ನು ಕರ್ನಾಟಕದ ಇಲಾಖೆಯ ಮಾತಿನಲ್ಲಿ ಅನುಪಾಲನೆ ಎನ್ನುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ, ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ‘ನೀಡಬಹುದು’ ಎನ್ನುತ್ತದೆ. 2016ರ ಮಾದರಿ ನಿಯಮಗಳು ಇದನ್ನು ಬಿಡಿಸಿ ಹೇಳುತ್ತವೆ: ಆರರಿಂದ ಎಂಟು ಮಂದಿ ಕೂಡಿ ಬಾಳುವ ತಾತ್ಕಾಲಿಕ ವಸತಿ, ಕಸುಬಿನ ತರಬೇತಿ ಕಾಲದ ಭತ್ಯೆ, ಆಗಾಗ ಬಂದು ವಿಚಾರಿಸುವ ಆಪ್ತಸಲಹೆಗಾರ. ಅವಧಿ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗಾಗಿ 2021ರಲ್ಲಿ ಪ್ರಕಟವಾದ ಪಿಎಂ ಕೇರ್ಸ್ ಯೋಜನೆಯಾದರೋ 18ರಿಂದ 23ರವರೆಗೆ ಮಾಸಿಕ ಭತ್ಯೆಯನ್ನೂ 23ಕ್ಕೆ 10 ಲಕ್ಷ ರೂಪಾಯಿಯನ್ನೂ ಗೊತ್ತುಮಾಡಿತು. ಬೇರೆ ಕಾರಣದಿಂದ ತಂದೆತಾಯಿಯನ್ನು ಕಳೆದುಕೊಂಡ ಮಗುವಿನ ಮಿದುಳು ಬೇರೆ ವೇಗದಲ್ಲೇನೂ ಮಾಗುವುದಿಲ್ಲ.

ಅವಧಿ ಹೆಚ್ಚಿಸಿದರೆ ಫಲವುಂಟೇ ಎಂಬುದಕ್ಕೂ ಪುರಾವೆಯಿದೆ. ಅಮೆರಿಕದಲ್ಲಿ ಮಾರ್ಕ್ ಕೋರ್ಟ್‌ನಿ ಮತ್ತು ಸಂಗಡಿಗರು ಮೂರು ರಾಜ್ಯಗಳ ಸಾಕು ವ್ಯವಸ್ಥೆಯಲ್ಲಿದ್ದ ಯುವಜನರನ್ನು ವರ್ಷಗಟ್ಟಲೆ ಗಮನಿಸಿದರು. ಅಯೋವ, ವಿಸ್ಕಾನ್ಸಿನ್‌ಗಳಲ್ಲಿ ಆಸರೆ ಹದಿನೆಂಟರ ಹೊತ್ತಿಗೆ ನಿಲ್ಲುತ್ತಿತ್ತು. 21ರವರೆಗೆ ಆಸರೆ ಮುಂದುವರಿಯುತ್ತಿದ್ದ ಇಲಿನಾಯ್ಸ್‌ನಲ್ಲಿ ಕಾಲೇಜು ಸೇರುವ ಸಾಧ್ಯತೆ ಹೆಚ್ಚಿತ್ತು. ಇಂಗ್ಲೆಂಡ್ 2014ರ ಕಾನೂನಿನ ಮೂಲಕ, ಸಾಕು ಮನೆಯಲ್ಲೇ 21ರವರೆಗೆ ಉಳಿಯುವ ಏರ್ಪಾಡಿಗೆ ಬೆಂಬಲ ನೀಡುವುದನ್ನು ಸ್ಥಳೀಯ ಆಡಳಿತದ ಹೊಣೆಯಾಗಿಸಿತು.

ಇಷ್ಟೆಲ್ಲ ಇದ್ದರೂ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳಲ್ಲಿ ಸಂಸ್ಥೆ ಬಿಟ್ಟುಬಂದ ಹುಡುಗಿಯೊಬ್ಬಳಿಗೆ ಬಾಡಿಗೆ ಕೋಣೆ ಸಿಗಬೇಕಾದರೆ ಯಾರಾದರೂ ಜಾಮೀನು ನಿಲ್ಲಬೇಕು; ಆಧಾರ್ ತಿದ್ದುಪಡಿಗೂ ವಾಸಸ್ಥಳ ಪ್ರಮಾಣಪತ್ರಕ್ಕೂ ವಿಳಾಸ ಬೇಕು; ಜ್ವರ ಬಂದ ರಾತ್ರಿ ಫೋನು ಎತ್ತುವವರು ಬೇಕು. ಹೊರಬರುವ ಮೊದಲೇ ದಾಖಲೆಗಳೆಲ್ಲ ಮಗುವಿನ ಕೈಯಲ್ಲಿರುವಂತೆ ನೋಡಿಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಸಾಧ್ಯದ ಕೆಲಸವಲ್ಲ. ಫೋನು ಎತ್ತುವವರನ್ನು ಮಾತ್ರ ಊರೇ ಕೊಡಬೇಕು. ಕಾನೂನಿನ ‘ನೀಡಬಹುದು’ ಎಂಬುದು ‘ನೀಡತಕ್ಕದ್ದು’ ಎಂದಾಗಬೇಕು, ವಿಶೇಷ ಸಂದರ್ಭಕ್ಕೆಂದು ಇಟ್ಟ 23ರ ಮಿತಿ ಎಲ್ಲರಿಗೂ ಅನ್ವಯವಾಗಬೇಕು.