ನಡೆ ಮೆತ್ತಗಿದ್ದರೆ ಸಾಲದು, ಕಾಲು ಗಟ್ಟಿಯಿರಬೇಕು

ಕುದುರೆ ಎಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ. ಒಂದು, ಮದುವೆ ಮೆರವಣಿಗೆಯ ಅಲಂಕಾರದ ಕುದುರೆ. ಇನ್ನೊಂದು, ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಎರಡು ನಿಮಿಷ ಓಡಿ ಮುಗಿಸುವ ಕುದುರೆ. ಮೂರನೆಯ ಬಗೆಯದೊಂದು ಇದೆ. ಅದು ಬೆಳಗಿನ ಜಾವ ಹೊರಟು 40, 60, 80 ಕಿಲೋಮೀಟರ್ ದೂರವನ್ನು ಒಂದೇ ದಿನದಲ್ಲಿ ಕ್ರಮಿಸಿ, ಕೊನೆಗೆ ಪಶುವೈದ್ಯರ ಮುಂದೆ ಕುಂಟದೆ ನಡೆದು ತೋರಿಸಬೇಕು. ಈ ಆಟದ ಹೆಸರು ಎಂಡ್ಯೂರೆನ್ಸ್ ರೈಡಿಂಗ್. ಪಶುವೈದ್ಯಕೀಯ ಪದವಿ ಮುಗಿಸಿ, ಗೆಳತಿಯರೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೇರಿದಾಗ, ನಾನು ರಾಜಸ್ಥಾನದ ಮಾರ್ವಾಡ ಸೀಮೆಯ ಕುದುರೆ ಫಾರ್ಮ್ ಒಂದರಲ್ಲಿ ಒಂದು ವರ್ಷದ ಕೆಲಸಕ್ಕೆ ಸೇರಿದೆ.

'ಏನವಾ, ಡಾಕ್ಟರಕಿ ಓದಿ ಕುದುರಿ ಕಾಯಾಕ ಅಷ್ಟು ದೂರ ಹೊಂಟಿ?' ಎಂದು ಅಪ್ಪ ಕೇಳಿದ್ದರು. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಎತ್ತು ಬಿಟ್ಟರೆ ಬೇರೆ ಪ್ರಾಣಿಯ ಮಾತೇ ಇಲ್ಲ. ಹೆಬ್ಬಾಳದ ಕಾಲೇಜಿನಲ್ಲಿ ಎನ್‌ಸಿಸಿ ಅಶ್ವದಳಕ್ಕೆ ಸೇರಿದ್ದರಿಂದ ನನಗೆ ಜೀನಿನ ಮೇಲೆ ಕೂರುವುದು ಗೊತ್ತಿತ್ತು. ಆದರೆ ಮಾರ್ವಾಡಿ ಕುದುರೆಯ ಮೇಲೆ ಕೂತದ್ದು ಅದೇ ಮೊದಲು.

ನೀರು ಚೆಲ್ಲದ ನಡೆ

ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿಗಳಿಂದ ಮಾರ್ವಾಡಿ ತಳಿಯನ್ನು ಯಾರು ಬೇಕಾದರೂ ಗುರುತಿಸಬಹುದು. ಇನ್ನೊಂದು ವಿಶೇಷ ಕಣ್ಣಿಗಿಂತ ಸೊಂಟಕ್ಕೆ ಬೇಗ ತಿಳಿಯುತ್ತದೆ. ಅದೇ 'ರೇವಾಲ್' ನಡೆ.

ಸಾಮಾನ್ಯ ಕುದುರೆ ನಡಿಗೆಯಿಂದ ಸ್ವಲ್ಪ ವೇಗಕ್ಕೆ ಬಂದರೆ ಟ್ರಾಟ್ ಹಾಕುತ್ತದೆ. ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ, ಆಮೇಲೆ ಇನ್ನೊಂದು ಜೋಡಿ. ನಡುವೆ ಕ್ಷಣಕಾಲ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ. ಅದಕ್ಕೇ ಸವಾರ ಕುಲುಕುತ್ತಾನೆ. ರೇವಾಲ್‌ನಲ್ಲಿ ಹಾಗಲ್ಲ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು, ಹೀಗೆ ಒಂದಾದ ಮೇಲೊಂದು ನಾಲ್ಕು ಸದ್ದು. ಯಾವಾಗಲೂ ಒಂದು ಕಾಲಾದರೂ ನೆಲದ ಮೇಲಿರುವುದರಿಂದ ಕುಲುಕಾಟ ಬಹಳ ಕಡಿಮೆ. ತುಂಬಿದ ಲೋಟ ಹಿಡಿದು ಕೂತರೂ ನೀರು ಚೆಲ್ಲದು ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಗುಜರಾತಿನ ಕಾಠಿಯಾವಾಡಿ ಕುದುರೆಗೂ ಈ ನಡೆ ಇದೆ. ಅಮೆರಿಕದ ಮಿಸೌರಿ ಫಾಕ್ಸ್‌ಟ್ರಾಟರ್‌ನಂಥ ತಳಿಗಳಿಗೂ ಅವುಗಳದೇ ಆದ ಮೆತ್ತಗಿನ ನಡೆಗಳಿವೆ.

ಇಂಥ ಕುದುರೆ ಇದ್ದರೆ 80 ಕಿಲೋಮೀಟರ್ ಯಾವ ಲೆಕ್ಕ ಎನ್ನಿಸುವುದು ಸಹಜ. ನಮ್ಮ ಫಾರ್ಮ್‌ನ ಮಾಲೀಕರಿಗೂ ಹಾಗೇ ಅನ್ನಿಸಿತ್ತು. ತಿಲವಾಡಾ ಜಾತ್ರೆಯಲ್ಲಿ ಕೊಂಡ ಬಿಜಲಿ ಎಂಬ ಆರು ವರ್ಷದ ಹೆಣ್ಣು ಕುದುರೆ ಅವರಲ್ಲಿತ್ತು. ಜನವರಿಯ 80 ಕಿ.ಮೀ. ಸ್ಪರ್ಧೆಗೆ ಅದನ್ನು ತಯಾರು ಮಾಡಬೇಕು, ಅವರ ತಮ್ಮನ ಮಗ ಸವಾರಿ ಮಾಡಬೇಕು ಎಂಬುದು ಯೋಜನೆ. ಆಗ ಜೂನ್ ತಿಂಗಳು. ಬಿಜಲಿ ಅಲ್ಲಿಯವರೆಗೆ ಲಾಯದಲ್ಲಿ ನಿಂತು, ವರ್ಷಕ್ಕೆ ನಾಲ್ಕು ಮೆರವಣಿಗೆಗೆ ಹೋಗಿ ಬಂದದ್ದು ಬಿಟ್ಟರೆ ದುಡಿದದ್ದೇ ಇಲ್ಲ.

ಎದೆ ಬೇಗ, ಎಲುಬು ನಿಧಾನ

ಲಾಯದ ಹಿರಿಯ ಸಾಯಿಸರನ್ನು ಎಲ್ಲರೂ ಕಾಕೋಸಾ ಎನ್ನುತ್ತಿದ್ದರು. ಚಿಕ್ಕಪ್ಪ ಎಂದರ್ಥ. ಅವರು ನನ್ನನ್ನು 'ಬಾಯಿಸಾ' ಎಂದು ಕರೆಯುತ್ತಿದ್ದರು. ನನ್ನ ಸ್ಟೆತಾಸ್ಕೋಪ್ ಮತ್ತು ಅವರ ಅಂಗೈ, ಎರಡನ್ನೂ ನಂಬಿ ಕೆಲಸ ಶುರುವಾಯಿತು.

ಮೊದಲ ತಿಂಗಳು ಬರೀ ನಡಿಗೆ. ಬೆಳಗ್ಗೆ ಐದಕ್ಕೆ, ಬಿಸಿಲೇರುವ ಮುನ್ನ, ಗಟ್ಟಿ ನೆಲದ ಮೇಲೆ ಐದಾರು ಕಿಲೋಮೀಟರ್. ವಾರಕ್ಕೆ ಐದು ದಿನ ಕೆಲಸ, ಎರಡು ದಿನ ವಿರಾಮ. ಎರಡನೇ ತಿಂಗಳು ನಡುನಡುವೆ ಹತ್ತು ಹತ್ತು ನಿಮಿಷ ರೇವಾಲ್. ದೂರ, ವೇಗ, ನೆಲ, ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಬೇಕು ಎಂಬುದು ನಮ್ಮ ನಿಯಮ. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸುವಂತಿಲ್ಲ. ಮರಳಿನ ಹಾದಿಗೆ ಇಳಿದ ವಾರ ದೂರ ಕಡಿಮೆ ಮಾಡಬೇಕು.

ಸುಮ್ಮನೆ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ದೂರದ ಸವಾರಿಯಲ್ಲಿ ಅದು 120–150ರ ಆಸುಪಾಸು ಇದ್ದರೆ ದೇಹ ಗಾಳಿಯ ಆಮ್ಲಜನಕದಲ್ಲೇ ಕೆಲಸ ಸಾಗಿಸುತ್ತಿದೆ ಎಂದು ತಿಳಿಯಬಹುದು. ಅದಕ್ಕಿಂತ ತೀರಾ ಮೇಲೇರಿದರೆ ಸ್ನಾಯುಗಳಲ್ಲಿ ದಣಿವು ಬೇಗ ತುಂಬುತ್ತದೆ. ಸವಾರಿ ಮುಗಿದ ಮೇಲೆ ಎದೆಬಡಿತ ಎಷ್ಟು ಬೇಗ 60ರ ಹತ್ತಿರಕ್ಕೆ ಇಳಿಯುತ್ತದೆ ಎಂಬುದೇ ತಯಾರಿಯ ಅಳತೆಗೋಲು. ಎಡ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು, 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ, ದಿನವೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ.

ಜುಲೈಯಲ್ಲಿ 60ಕ್ಕೆ ಇಳಿಯಲು 25 ನಿಮಿಷ ಬೇಕಾಗುತ್ತಿತ್ತು. ಅಕ್ಟೋಬರ್ ಹೊತ್ತಿಗೆ 25 ಕಿಲೋಮೀಟರ್ ಮುಗಿಸಿದ ಮೇಲೂ ಎಂಟೇ ನಿಮಿಷ ಸಾಕಾಯಿತು. ಮಾಲೀಕರು ನೋಟ್‌ಬುಕ್ ನೋಡಿ, 'ಇನ್ನೇನು ಬೇಕು ಡಾಕ್ಟರ್? ಕುದುರೆ ತಯಾರಾಗಿದೆ' ಎಂದರು.

ಅಲ್ಲೇ ಇದ್ದದ್ದು ತೊಡಕು. ಕುದುರೆಯ ಹೃದಯ, ಶ್ವಾಸಕೋಶ ಕೆಲವೇ ತಿಂಗಳಲ್ಲಿ ಪಳಗುತ್ತವೆ. ಸ್ನಾಯುಗಳಿಗೆ ಮೂರರಿಂದ ಆರು ತಿಂಗಳು ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಮೂಳೆ ಹೊಸ ಭಾರಕ್ಕೆ ಪೂರ್ತಿ ಗಟ್ಟಿಯಾಗಲು ವರ್ಷಕ್ಕೂ ಹೆಚ್ಚು. ಅಂದರೆ ನಾಲ್ಕನೇ ತಿಂಗಳಲ್ಲಿ ಕುದುರೆಗೆ 80 ಕಿಲೋಮೀಟರ್ ಓಡುವ ಉಸಿರು ಇರುತ್ತದೆ, ಓಡುವ ಕಾಲು ಇರುವುದಿಲ್ಲ. ಅಪಾಯದ ತಿಂಗಳು ಅದೇ.

ಕೂತವರಿಗೆ ಆರಾಮ, ಹೊತ್ತವರಿಗೆ?

ರೇವಾಲ್ ಕುದುರೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಾರಣ ಅದರ ಮೆತ್ತಗಿನ ನಡೆಯೇ. ಟ್ರಾಟ್ ಹಾಕುವ ಕುದುರೆಯ ಮೇಲೆ ಸವಾರ ರಿಕಾಪಿನ ಮೇಲೆ ಎದ್ದು ಕೂತು, ಎದ್ದು ಕೂತು ಸಾಗುತ್ತಾನೆ. ಪ್ರತಿ ಹೆಜ್ಜೆಗೂ ಕುದುರೆಯ ಬೆನ್ನಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ದಣಿದಾಗ ಸವಾರನಿಗೂ ಗೊತ್ತಾಗುತ್ತದೆ. ರೇವಾಲ್‌ನಲ್ಲಿ ಸವಾರ ಸೋಫಾದ ಮೇಲೆ ಕೂತಂತೆ ಕೂತೇ ಇರುತ್ತಾನೆ. ಗಂಟೆಗಟ್ಟಲೆ ಒಂದೇ ಜಾಗದ ಮೇಲೆ ಭಾರ, ಒಂದೇ ಬಗೆಯ ಸ್ನಾಯುಗಳ ದುಡಿಮೆ. ವೇಗ ಎಷ್ಟೆಂದು ಕೂತವರಿಗೆ ತಿಳಿಯುವುದೇ ಇಲ್ಲ. ಕುದುರೆಯ ಶ್ರಮವನ್ನು ಅದರ ನಡೆಯೇ ಮುಚ್ಚಿಡುತ್ತದೆ.

ಅದಕ್ಕೆ ಕಾಕೋಸಾ ಹೇಳಿಕೊಟ್ಟ ಉಪಾಯ ಕಿವಿಯದು. 'ಬಾಯಿಸಾ, ಗೊರಸಿನ ಸದ್ದು ಎಣಿಸು. ನಾಲ್ಕು ಸದ್ದು ಬೇರೆ ಬೇರೆ ಕೇಳುವವರೆಗೆ ಕುದುರೆ ಚೆನ್ನಾಗಿದೆ. ನಾಲ್ಕು ಕೂಡಿ ಎರಡಾದರೆ ದಣಿದಿದೆ ಎಂದರ್ಥ' ಎಂದರು. ಇದು ನಿಜ. ದಣಿದ ಕುದುರೆ ಒಂದೊಂದೇ ಕಾಲನ್ನು ಬಿಡಿಸಿ ಇಡುವ ಶಕ್ತಿ ಕಳೆದುಕೊಂಡು, ಒಂದು ಬದಿಯ ಎರಡೂ ಕಾಲನ್ನು ಒಟ್ಟಿಗೆ ಎಸೆಯತೊಡಗುತ್ತದೆ. ಸದ್ದು ಎರಡಾದ ಕೂಡಲೇ ನಡಿಗೆಗೆ ಇಳಿಸಬೇಕು, ಇಲ್ಲವೇ ಸವಾರನೇ ಇಳಿದು ಪಕ್ಕದಲ್ಲಿ ನಡೆಯಬೇಕು. ಹಾಗಾಗಿ ನಮ್ಮ ಸವಾರನಿಗೆ ನಡೆಯುವ ಅಭ್ಯಾಸವೂ ಶುರುವಾಯಿತು.

ಬಿಜಲಿಗೆ ನಾವು ಟ್ರಾಟ್ ಕೂಡ ಕಲಿಸಿದೆವು. ಬೆನ್ನಿಗೆ ಬದಲಾವಣೆ ಸಿಗಲಿ ಎಂಬುದು ಒಂದು ಕಾರಣ. ಸ್ಪರ್ಧೆಯ ತಪಾಸಣೆಯಲ್ಲಿ ಲಗಾಮು ಹಿಡಿದು ಕುದುರೆಯನ್ನು ಓಡಿಸಿ ತೋರಿಸಬೇಕು ಎಂಬುದು ಇನ್ನೊಂದು. ಕುಂಟು ಇದೆಯೇ ಎಂಬುದು ಎರಡು ಸದ್ದಿನ ಟ್ರಾಟ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ಸದ್ದಿನ ರೇವಾಲ್‌ನಲ್ಲಿ ಸಣ್ಣ ಕುಂಟು ಅಡಗಿಕೊಳ್ಳುತ್ತದೆ.

ನೀರು, ಉಪ್ಪು, ಹುಲ್ಲು

ಆಹಾರದ ಪಾಠವೂ ದೊಡ್ಡದೇ. ಬಿಸಿಲಲ್ಲಿ ದುಡಿಯುವ ಕುದುರೆ ಗಂಟೆಗೆ 10 ಲೀಟರ್‌ಗೂ ಹೆಚ್ಚು ಬೆವರಬಹುದು. ನಮ್ಮ ಬೆವರಿಗಿಂತ ಅದರಲ್ಲಿ ಉಪ್ಪಿನಂಶ ಹೆಚ್ಚು. ಆದ್ದರಿಂದ ಬರೀ ನೀರು ಸಾಲದು, ಉಪ್ಪೂ ಬೇಕು. ದಣಿದು ಬಂದ ಕುದುರೆಗೆ ನೀರು ಕೊಡಬಾರದು ಎಂಬ ಹಳೆಯ ನಂಬಿಕೆ ಅಲ್ಲೂ ಇತ್ತು. ದಾರಿಯುದ್ದಕ್ಕೂ ಸಿಕ್ಕಲ್ಲೆಲ್ಲ ಕುಡಿಯಲು ಬಿಡುವುದೇ ಸರಿ. ಹುಲ್ಲು ಮುಖ್ಯ ಆಹಾರ. ಅದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ದೂರದ ದಾರಿಗೆ ಬುತ್ತಿಯಾಗುತ್ತದೆ. ಒಣಹುಲ್ಲು, ಸ್ವಲ್ಪ ಕುದುರೆ ಮೆಂತೆ ಸೊಪ್ಪು, ಮೇಲೆ ಜವೆಗೋಧಿ ಇಷ್ಟೇ ನಮ್ಮ ಪಟ್ಟಿ. ವಿರಾಮದ ದಿನ ಕಾಳು ಅರ್ಧಕ್ಕೆ ಇಳಿಸುತ್ತಿದ್ದೆವು. ದುಡಿಮೆಯಿಲ್ಲದ ದಿನವೂ ಪೂರ್ತಿ ಕಾಳು ತಿಂದ ಕುದುರೆಗೆ ಮರುದಿನ ಕೆಲಸಕ್ಕೆ ಹೊರಟಾಗ ಸ್ನಾಯು ಬಿಗಿದು ಹೆಜ್ಜೆ ಇಡಲಾಗದೆ ಹೋಗಬಹುದು. ಭಾನುವಾರ ರಜೆಯಲ್ಲಿದ್ದ ಗಾಡಿ ಕುದುರೆಗಳಿಗೆ ಬರುತ್ತಿದ್ದ ಈ ತೊಂದರೆಗೆ 'ಸೋಮವಾರ ಬೆಳಗಿನ ರೋಗ' ಎಂದೇ ಹೆಸರು.

ಬೇಡ ಎಂದು ಹೇಳಿದ ದಿನ

ನವೆಂಬರ್‌ನಲ್ಲಿ ಒಂದು ದಿನ ನಾನು ಔಷಧ ತರಲು ಜೋಧಪುರಕ್ಕೆ ಹೋಗಿದ್ದೆ. ಆ ಹುಡುಗ ಬಿಜಲಿಯನ್ನು ಒಣಗಿದ ಲೂಣಿ ನದಿಯ ಪಾತ್ರದಲ್ಲಿ, ಆಳ ಮರಳಿನಲ್ಲಿ, ಒಂದೂವರೆ ಗಂಟೆ ಓಡಿಸಿದ. ಅವನ ಆತುರಕ್ಕೂ ಕಾರಣವಿತ್ತು. ಆ ವರ್ಷದ ತಂಡದ ಆಯ್ಕೆಯಲ್ಲಿ ಹೆಸರು ಬರಬೇಕೆಂಬ ಆಸೆ. ಮರುದಿನ ಬೆಳಗ್ಗೆ ಕಾಕೋಸಾ ಎಂದಿನಂತೆ ನಾಲ್ಕೂ ಕಾಲು ಸವರಿ, ಎಡ ಮುಂಗಾಲಿನ ಹತ್ತಿರ ಕೈ ನಿಲ್ಲಿಸಿ ನನ್ನನ್ನು ಕರೆದರು. ಮೊಣಕಾಲ ಕೆಳಗೆ ಹಿಂಬದಿಯಲ್ಲಿ ತುಸು ಬಿಸಿ, ತುಸು ಊತ. ಕುದುರೆ ಕುಂಟುತ್ತಿರಲಿಲ್ಲ. ಎದೆಬಡಿತ ಸರಿಯಾಗಿತ್ತು. ಹುಲ್ಲು ತಿನ್ನುತ್ತಿತ್ತು. ನೋಡಿದವರಿಗೆ ಏನೂ ಆಗಿಲ್ಲ.

ಜನವರಿಯ 80 ಕಿಲೋಮೀಟರ್ ಬೇಡ ಎಂದು ನಾನು ಹೇಳಿದೆ. ಮೂರು ವಾರ ಬರೀ ನಡಿಗೆ, ಆಮೇಲೆ ನಿಧಾನ, ಎಲ್ಲ ಸರಿಹೋದರೆ ಫೆಬ್ರುವರಿಯಲ್ಲಿ 40. ಮಾಲೀಕರ ಮುಖ ಬಿಗಿಯಿತು. 'ಕುಂಟದ ಕುದುರೆಗೆ ರಜೆ ಕೊಡಲು ಡಾಕ್ಟರ್ ಯಾಕೆ ಬೇಕು?' ಎಂದರು. ನನ್ನ ಕರಾರು ಒಂದು ವರ್ಷದ್ದು, ಮುಂದುವರಿಸುವುದು ಅವರ ಕೈಯಲ್ಲಿತ್ತು. ಹುಡುಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಆರು ವರ್ಷದ ಕುದುರೆ, ಬಾಯಿಗೂಡಿದೆ, ಆದರೂ ಬೇಡ ಅಂದೆ ಎಂದೆ. ಅಪ್ಪ ನಕ್ಕರು. 'ಬಾಯಿಗೂಡಿದ್ರ ಆತೇನವಾ? ಕಟ್ಟಿ ಹಾಕಿ ಮೇಯಿಸಿದ ಎತ್ತನ್ನ ಯಾರರ ಒಮ್ಮೆಲೆ ಕಬ್ಬಿನ ಬಂಡಿಗೆ ಹೂಡ್ತಾರೇನು? ಮೊದಲ ಖಾಲಿ ಬಂಡಿ ಎಳಸ್ಬೇಕು. ನೀ ಹೇಳಿದ್ದು ಬರೋಬರಿ ಐತಿ' ಎಂದರು. ನಾನು ಐದು ವರ್ಷ ಓದಿದ್ದನ್ನು ಅಪ್ಪ ಎರಡು ಮಾತಲ್ಲಿ ಹೇಳಿಬಿಟ್ಟರು.

ಮರುದಿನ ಮಾಲೀಕರ ಕೈ ಹಿಡಿದು ಬಿಜಲಿಯ ಎರಡೂ ಮುಂಗಾಲು ಮುಟ್ಟಿಸಿದವರು ಕಾಕೋಸಾ. 'ಹುಕುಂ, ನೀವೇ ನೋಡಿ' ಎಂದರಷ್ಟೆ. ಬಿಸಿಯ ವ್ಯತ್ಯಾಸ ಅಂಗೈಗೆ ತಿಳಿಯಿತು. ಮಾಲೀಕರು ಏನೂ ಹೇಳದೆ ಎದ್ದು ಹೋದರು. ಜನವರಿಯ ಸ್ಪರ್ಧೆಗೆ ಹೆಸರು ಕೊಡಲಿಲ್ಲ.

ಮುಗಿಸುವುದೇ ಗೆಲುವು

ಫೆಬ್ರುವರಿಯಲ್ಲಿ 40 ಕಿಲೋಮೀಟರ್‌ನ ಸ್ಪರ್ಧೆಗೆ ಹೋದೆವು. 20 ಕಿಲೋಮೀಟರ್‌ನ ಎರಡು ಸುತ್ತು, ನಡುವೆ ತಪಾಸಣೆ. ನಿಗದಿತ ನಿಮಿಷಗಳೊಳಗೆ ಎದೆಬಡಿತ 64ಕ್ಕೆ ಇಳಿಯದಿದ್ದರೆ, ಅಥವಾ ಕುಂಟಿದರೆ, ಕುದುರೆ ಅಲ್ಲಿಗೇ ಹೊರಗೆ. ವೈದ್ಯರು ಚರ್ಮ ಎಳೆದು ನೀರಿನಂಶ ನೋಡುತ್ತಾರೆ, ವಸಡು ಒತ್ತಿ ರಕ್ತ ಮರಳುವುದನ್ನು ನೋಡುತ್ತಾರೆ, ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ. ಮೊದಲ ಸುತ್ತಿನ ನಂತರ ಬಿಜಲಿಯ ಎದೆಬಡಿತ ಆರು ನಿಮಿಷದಲ್ಲಿ ಇಳಿಯಿತು. ಕಲಿಸಿದ ಟ್ರಾಟ್ ಹಾಕಿ ನೇರವಾಗಿ ಓಡಿ ತೋರಿಸಿತು.

ಎರಡನೇ ಸುತ್ತಿನಲ್ಲಿ, 32 ಕಿಲೋಮೀಟರ್ ದಾಟಿದ ಮೇಲೆ, ಗೊರಸಿನ ನಾಲ್ಕು ಸದ್ದು ಎರಡಾಗತೊಡಗಿತಂತೆ. ಹುಡುಗ ಇಳಿದು ಒಂದು ಕಿಲೋಮೀಟರ್ ಪಕ್ಕದಲ್ಲೇ ನಡೆದ. ಹಿಂದಿದ್ದ ನಾಲ್ಕು ಕುದುರೆಗಳು ಮುಂದೆ ಹೋದವು. ಅವನು ಆಮೇಲೆ ಹತ್ತಿ, ಯಾವ ಸ್ಥಾನವೂ ಇಲ್ಲದೆ, ಸಮಯದೊಳಗೆ ಗುರಿ ಮುಟ್ಟಿದ. ಮುಂದೆ ಹೋದವುಗಳಲ್ಲಿ ಒಂದು ಕೊನೆಯ ತಪಾಸಣೆಯಲ್ಲಿ ಕುಂಟಿ ಹೊರಬಿತ್ತು. ಬಿಜಲಿಯ ಎದೆಬಡಿತ 56. ಕಾಲು ತಣ್ಣಗಿತ್ತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆಯುತ್ತಿರುವ ಟೆವಿಸ್ ಕಪ್ ಈ ಆಟದ ಹಿರಿಯಣ್ಣ. 24 ಗಂಟೆಯೊಳಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಬೆಟ್ಟದ ಹಾದಿ. ಅಲ್ಲಿ ಮೊದಲು ಬಂದವರಿಗೆ ಒಂದು ಕಪ್ ಇದ್ದರೆ, ಮೊದಲ ಹತ್ತರಲ್ಲಿ ಅತಿ ಒಳ್ಳೆಯ ಸ್ಥಿತಿಯಲ್ಲಿರುವ ಕುದುರೆಗೆ ಹ್ಯಾಗಿನ್ ಕಪ್ ಎಂಬ ಇನ್ನೊಂದು ಗೌರವವಿದೆ. 1972ರಲ್ಲಿ ಶುರುವಾದ ಅಲ್ಲಿನ ಎಂಡ್ಯೂರೆನ್ಸ್ ಸಂಸ್ಥೆಯ ಧ್ಯೇಯವಾಕ್ಯವೇ 'ಮುಗಿಸಿದರೆ ಗೆದ್ದಂತೆ'.

ನನ್ನ ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿದಿದೆ. ಹುಡುಗನ ಹೆಸರು ಆ ವರ್ಷ ತಂಡದಲ್ಲಿ ಬರಲಿಲ್ಲ. ಆದರೆ ಈಗ ಬೆಳಗ್ಗೆ ಐದಕ್ಕೆ ನನಗಿಂತ ಮೊದಲು ಲಾಯಕ್ಕೆ ಬಂದು ಬಿಜಲಿಯ ಕಾಲು ಸವರುವವನು ಅವನೇ. ಮುಂದಿನ ಚಳಿಗಾಲಕ್ಕೆ 60, ಅದಾದ ಮೇಲೆ 80 ಎಂದು ಗೋಡೆಯ ಮೇಲೆ ಬರೆದಿಟ್ಟಿದ್ದಾನೆ.

ಕೋಚಿಂಗ್‌ನಲ್ಲಿರುವ ಗೆಳತಿಯರು ಫೋನ್ ಮಾಡಿದಾಗ ಯಾರೋ ಆರೇ ತಿಂಗಳಲ್ಲಿ ಪಾಸಾದರು, ನಮಗಿನ್ನೂ ಆಗಲಿಲ್ಲ ಎಂದು ಬೇಸರಪಡುತ್ತಾರೆ. ಅವರಿಗೆ ಉಪದೇಶ ಹೇಳುವಷ್ಟು ನಾನು ದೊಡ್ಡವಳಲ್ಲ. ಉಸಿರು ಬೇಗ ಪಳಗುತ್ತದೆ, ಎಲುಬು ತನ್ನ ಸಮಯ ತೆಗೆದುಕೊಳ್ಳುತ್ತದೆ ಎಂದಷ್ಟೇ ಹೇಳುತ್ತೇನೆ. ನಡುವಿನ ಆ ಕೆಲವು ತಿಂಗಳು ಹೊರಗಿನವರಿಗೆ ಏನೂ ಕಾಣುವುದಿಲ್ಲ. ಕಾಲು ಗಟ್ಟಿಯಾಗುವುದು ಮಾತ್ರ ಆಗಲೇ.