ಶಾಲೆಯ ಚಿತ್ರಗಳು, ಮಕ್ಕಳ ಮುಖಗಳು

ಶಾಲೆಯಲ್ಲಿ ತೆಗೆದ ಪ್ರತಿಯೊಂದು ಛಾಯಾಚಿತ್ರಕ್ಕೂ ಎರಡು ಬೇರೆಬೇರೆ ಹಕ್ಕುಗಳು ಅಂಟಿಕೊಂಡಿರುತ್ತವೆ. ಮೊದಲನೆಯದು ಹಕ್ಕುಸ್ವಾಮ್ಯ, ಎಂದರೆ ಚಿತ್ರವನ್ನು ನಕಲು ಮಾಡುವ ಮತ್ತು ಪ್ರಕಟಿಸುವ ಅಧಿಕಾರ. ಎರಡನೆಯದು, ಚಿತ್ರದಲ್ಲಿ ಕಾಣುವ ಮಗುವಿಗೆ ತನ್ನ ಮುಖದ ಮೇಲಿರುವ ಹಕ್ಕು. ಶಿಕ್ಷಣಕ್ಕೆಂದು ಕಾನೂನು ಕೊಟ್ಟಿರುವ ವಿನಾಯಿತಿ ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ.

ಆ ವಿನಾಯಿತಿ ಮಾತ್ರ ಸಾಕಷ್ಟು ಉದಾರವಾದದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಕೃತಿಯೊಂದನ್ನು ನಕಲು ಮಾಡಿಕೊಂಡರೆ, ಅಥವಾ ಪ್ರಶ್ನೆಪತ್ರಿಕೆಯಲ್ಲಿ ಬಳಸಿದರೆ, ಅದು ಉಲ್ಲಂಘನೆಯಾಗುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ತೀರ್ಪು ನೀಡುತ್ತ, ಬೋಧನೆಯೆಂಬುದು ತರಗತಿಯ ಪಾಠಕ್ಕಷ್ಟೇ ಸೀಮಿತವಲ್ಲವೆಂದು ಹೇಳಿತು. ಹೀಗಾಗಿ ಹಂಪಿಯ ಕಲ್ಲಿನ ರಥದ ಚಿತ್ರವೊಂದನ್ನು ಇತಿಹಾಸದ ಶಿಕ್ಷಕಿ ಪಾಠಕ್ಕಾಗಿ ಪರದೆಯ ಮೇಲೆ ತೋರಿಸಲು ಅಡ್ಡಿಯಿಲ್ಲ. ಅದೇ ಚಿತ್ರವನ್ನು ಆಡಳಿತ ಮಂಡಳಿ ಪ್ರವೇಶಾತಿಯ ಜಾಹೀರಾತಿಗೆ ಹಾಕಿದರೆ ಅಲ್ಲಿ ಬೋಧನೆಯಿಲ್ಲ, ಆದ್ದರಿಂದ ವಿನಾಯಿತಿಯೂ ಇಲ್ಲ.

ವಾರ್ಷಿಕೋತ್ಸವಕ್ಕೆ ಹಣ ಕೊಟ್ಟು ಸ್ಟುಡಿಯೋದವರನ್ನು ಕರೆಸಿದಾಗ, ಬೇರೆ ಕರಾರು ಇಲ್ಲದಿದ್ದರೆ, ಆ ಚಿತ್ರಗಳ ಹಕ್ಕುಸ್ವಾಮ್ಯ ತೆಗೆಸಿದ ಶಾಲೆಗೇ ಸೇರುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ: ಚಿತ್ರ ಶಾಲೆಯದಾದ ಮಾತ್ರಕ್ಕೆ ಅದರಲ್ಲಿರುವ ಮಗುವಿನ ಮುಖ ಶಾಲೆಯದಾಗುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದ ಮೇಲೆ ಈ ಮಾತಿಗೆ ಹೆಚ್ಚಿನ ಬಲ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗಿ, 18 ವರ್ಷ ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಚಿತ್ರವನ್ನಂತೂ ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ಪೋಕ್ಸೋ ಕಾಯ್ದೆ ನಿಷೇಧಿಸಿದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ಊರಿನ ವೃತ್ತಗಳಲ್ಲಿ ಎದ್ದು ನಿಲ್ಲುವ ಫ್ಲೆಕ್ಸ್‌ಗಳಲ್ಲಿ ಮಕ್ಕಳ ಮುಖ, ಹೆಸರು, ಅಂಕ ಮೂರೂ ಒಟ್ಟಿಗಿರುತ್ತವೆ. ಸಂತೋಷದಿಂದ ಮಾಡಿದ್ದೇ ಆದರೂ ಅದು ಜಾಹೀರಾತು. ದಾಖಲಾತಿ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಸಾಲಿನ ಕೆಳಗೆ, ಎಷ್ಟೋ ವರ್ಷ ಹಿಂದೆ, ಅವಸರದಲ್ಲಿ ಹಾಕಿದ ಸಹಿಯನ್ನು ಅದಕ್ಕೆ ಒಪ್ಪಿಗೆಯೆಂದು ಭಾವಿಸುವುದು ಸರಿಯಲ್ಲ. ಒಳ್ಳೆಯ ಒಪ್ಪಿಗೆ ಪತ್ರ ಅಚ್ಚ ಕನ್ನಡದಲ್ಲಿ, ಶಾಲೆಯ ಸೂಚನಾ ಫಲಕ, ವಾರ್ಷಿಕ ಸಂಚಿಕೆ, ಫೇಸ್‌ಬುಕ್ ಪುಟ, ಜಾಹೀರಾತು ಎಂದು ಬಿಡಿಬಿಡಿಯಾಗಿ ಕೇಳುತ್ತದೆ, ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡವೆನ್ನಲು ಜಾಗ ಬಿಡುತ್ತದೆ, ಪ್ರತಿ ವರ್ಷವೂ ಹೊಸದಾಗಿ ಮನೆಗೆ ಬರುತ್ತದೆ. ಕಾನೂನು ಪೋಷಕರನ್ನಷ್ಟೇ ಕೇಳಿದರೂ, ಪ್ರೌಢಶಾಲೆಯ ಮಕ್ಕಳ ಪತ್ರದಲ್ಲಿ ಅವರದೇ ಸಹಿಗೂ ಒಂದು ಗೆರೆ ಇರಬೇಕು.